ಜೋಡಿ ಡಿಸ್ಕಿನ ರುದ್ರಮುನಿ

ರುದ್ರಮುನಿಯನ್ನು ನೀವು ನೋಡಿರಲಿಕ್ಕಿಲ್ಲ. ಆದರೆ ಆಂಧ್ರದ ಗಡಿಯ ಕಲ್ಯಾಣದುರ್ಗದ ಸುತ್ತಮುತ್ತ ನಿಮ್ಮ ಮದುವೆ ಆಗಿದ್ದರೆ ಅವನು ನಿಮ್ಮನ್ನು ನೋಡಿದ್ದಾನೆ. ಧಾರೆಯ ಹೊತ್ತಿಗೆ ನೀವು ಮೂಗು ಒರೆಸಿಕೊಂಡಿದ್ದು, ನಿಮ್ಮ ಚಿಕ್ಕಪ್ಪ ಮೂರನೇ ಹೋಳಿಗೆಗೆ ಎಲೆ ಮುಂದಕ್ಕೆ ತಳ್ಳಿದ್ದು, ಎಲ್ಲ ಅವನಿಗೆ ಗೊತ್ತು. ಕ್ಯಾಮೆರಾದವರು ಹಿಡಿದು ತಂದದ್ದನ್ನೆಲ್ಲ ಕೂತು ನೋಡಿ, ಬೇಡದ್ದನ್ನು ಕತ್ತರಿಸಿ, ಉಳಿದದ್ದರ ಮೇಲೆ ಸಿನಿಮಾ ಹಾಡು ಹಾಕಿ ಕೊಡುವುದು ಅವನ ಕೆಲಸ. ಸ್ಟುಡಿಯೋದವರು ಇದಕ್ಕೆ ಮಿಕ್ಸಿಂಗ್ ಅನ್ನುತ್ತಾರೆ.

ಹುಟ್ಟಿ ಬೆಳೆದದ್ದು ಹಿಂದೂಪುರ. ಕೆಲಸ ಕಲಿತದ್ದೂ ಅಲ್ಲೇ ಒಂದು ಸಣ್ಣ ಸ್ಟುಡಿಯೋದಲ್ಲಿ. ಒಂದು ವರ್ಷ ಮಾಘದ ಮದುವೆಗಳನ್ನೆಲ್ಲ ತುಂಬಿಟ್ಟಿದ್ದ ಹಾರ್ಡ್ ಡಿಸ್ಕು ಟಿಕ್ ಟಿಕ್ ಅಂತ ಸದ್ದು ಮಾಡಿ ಸತ್ತುಹೋಯಿತು. ಸ್ಟುಡಿಯೋದ ಯಜಮಾನ ಫೋನ್ ಸ್ವಿಚ್ ಆಫ್ ಮಾಡಿಕೊಂಡು ಊರು ಬಿಟ್ಟ. ಸಿಕ್ಕಿದವನು ರುದ್ರಮುನಿ. ಒಬ್ಬ ಹುಡುಗಿಯ ಅಣ್ಣಂದಿರು ಬಂದು, ಆ ಸತ್ತ ಡಿಸ್ಕನ್ನೇ ದಾರಕ್ಕೆ ಕಟ್ಟಿ ಅವನ ಕೊರಳಿಗೆ ಹಾಕಿ, ಅಂಗಡಿಯ ಹೊಸಿಲ ಮೇಲೆ ಕೂರಿಸಿದರು. "ನಮ್ ತಂಗಿ ಮದ್ವೆ ನುಂಗ್ದೋನು ಇವ್ನೇ ಕಣಪ್ಪ, ನೋಡ್ಕೊಳ್ಳಿ" ಅಂತ ಹೋಗೋರು ಬರೋರಿಗೆಲ್ಲ ತೋರಿಸಿದರು. ನೋಡಿದವರು ನಕ್ಕರು. ಅವನ ಜೊತೆ ಓದಿದವರೂ ಆ ದಾರಿಯಲ್ಲಿ ಬಂದರು, ಅವರೂ ನಕ್ಕರು.

ಅಲ್ಲಿಂದ ಎದ್ದವನು ಬಸ್ ಹತ್ತಿ ಕಲ್ಯಾಣದುರ್ಗಕ್ಕೆ ಬಂದ. ಮಲ್ಲಿಕಾರ್ಜುನಪ್ಪನ ಸ್ಟುಡಿಯೋದಲ್ಲಿ ಕೆಲಸ ಸಿಕ್ಕಿತು. ಈ ಮಲ್ಲಿಕಾರ್ಜುನಪ್ಪ ಹಣೆ ತುಂಬ ವಿಭೂತಿ ಇಟ್ಟುಕೊಂಡು ಬೆಳಗ್ಗೆಯೇ ಗಲ್ಲಾದ ಮುಂದೆ ಕೂರುವ ವ್ಯಾಪಾರಿ. ಪಕ್ಕದ ಪಾತ್ರೆ ಅಂಗಡಿಯೂ ಅವನದೇ. ನಾಲ್ಕು ಜನ ಸುತ್ತ ನಿಂತು ನೋಡುತ್ತಿದ್ದರೆ ಅವನಿಗೆ ಹೊಟ್ಟೆ ತುಂಬಿದ ಹಾಗೆ. ಯಾರೂ ಇಲ್ಲದ ಹೊತ್ತಲ್ಲಿ ಅವನು ಕೆಟ್ಟವನಲ್ಲ ಅಂತ ರುದ್ರಮುನಿಯೇ ಹೇಳುತ್ತಾನೆ.

ಹಿಂದೂಪುರದ ದಾರ ಇನ್ನೂ ಕೊರಳಲ್ಲೇ ಇದ್ದಂತಿತ್ತು ರುದ್ರಮುನಿಗೆ. ಅದಕ್ಕೇ ಬಂದ ಹೊಸದರಲ್ಲೇ ಯಜಮಾನನನ್ನು ಕಾಡಿ ಬೇಡಿ, ಒಂದೇ ಅಳತೆಯ ಎರಡು ಡಿಸ್ಕು ತರಿಸಿದ. ಯೂಟ್ಯೂಬಿನಲ್ಲಿ ತೆಲುಗಿನವರು ಹೇಳಿಕೊಡುವುದನ್ನು ನಿಲ್ಲಿಸಿ ನಿಲ್ಲಿಸಿ ಕೇಳಿ, ತಾನೇ ಜೋಡಿಸಿದ. ಇದಕ್ಕೆ ರೇಡ್ ಅನ್ನುತ್ತಾರೆ. ಬೇರೆ ಯಂತ್ರವೇನೂ ಬೇಡ, ಕಂಪ್ಯೂಟರಿನ ಒಳಗಿನ ಸಾಫ್ಟ್‌ವೇರೇ ಮಾಡುತ್ತದೆ. ಒಂದು ಡಿಸ್ಕಿನಲ್ಲಿ ಏನು ಬರೆದರೂ ಅದೇ ಗಳಿಗೆಯಲ್ಲಿ ಇನ್ನೊಂದರಲ್ಲೂ ಬರೆಯುತ್ತದೆ. ಒಂದು ಸತ್ತರೆ ಇನ್ನೊಂದು ಇರುತ್ತದೆ. ಸತ್ತದ್ದರ ಜಾಗಕ್ಕೆ ಹೊಸದನ್ನು ಇಟ್ಟರೆ, ಉಳಿದದ್ದು ತನ್ನಲ್ಲಿರುವುದನ್ನೆಲ್ಲ ಅದಕ್ಕೆ ತುಂಬುತ್ತದೆ. ರುದ್ರಮುನಿ ಇದನ್ನು ಜೋಡಿ ಡಿಸ್ಕು ಅಂತ ಕರೆದ. ಕಂಪ್ಯೂಟರಿನ ಮುಂಭಾಗದಲ್ಲೇ ಎಡಕ್ಕೊಂದು ಬಲಕ್ಕೊಂದು ಖಾನೆ. ಹಿಡಿ ಎಳೆದರೆ ಡಿಸ್ಕು ಕೈಗೆ ಬರುತ್ತದೆ.

ಕಟ್ಟಿದ ಮೇಲೆ ಪರೀಕ್ಷೆ ಮಾಡಬೇಕಲ್ಲ. ಒಂದು ಮದುವೆಯನ್ನು ಪರದೆಯ ಮೇಲೆ ಓಡಲು ಬಿಟ್ಟು, ಬಲಗಡೆಯದನ್ನು ಎಳೆದ. ಮದುಮಗಳು ತಲೆ ತಗ್ಗಿಸಿ ನಡೆದು ಬರುತ್ತಿದ್ದವಳು ನಡೆದೇ ಬಂದಳು, ಹೆಜ್ಜೆ ತಪ್ಪಲಿಲ್ಲ. ರುದ್ರಮುನಿಯ ಕಣ್ಣಲ್ಲಿ ನೀರು ಬಂತು.

ಹಿಂದೆ ನಿಂತು ನೋಡುತ್ತಿದ್ದ ಮಲ್ಲಿಕಾರ್ಜುನಪ್ಪ ಚಪ್ಪಾಳೆ ಹೊಡೆದ. "ಲೇ ರುದ್ರ, ಇದ್ನ ಇಷ್ಟು ದಿನ ಯಾಕ್ಲಾ ತೋರಿಸ್ಲಿಲ್ಲ? ಇನ್ನೊಂದ್ ಸಲ ಕೀಳು!"

ಕೆಡುಕು ಅಲ್ಲಿಂದ ಶುರುವಾಯಿತು. ಬುಕಿಂಗಿಗೆ ಬಂದ ಬೀಗರಿಗೆಲ್ಲ ಟೀ ಕೊಡುವ ಮುಂಚೆ ಈ ಆಟ. "ನಮ್ ಸ್ಟುಡಿಯೋದಲ್ಲಿ ಮದ್ವೆ ಕಳ್ದೋಗಲ್ಲ ಸ್ವಾಮಿ, ಸೂಡಂಡಿ, ನೋಡಿ" ಅಂತ ತಾನೇ ಎಳೆದು ತೋರಿಸುವುದು. ಎಳೆದ ಡಿಸ್ಕನ್ನು ವಾಪಸ್ ಇಟ್ಟ ಮೇಲೆ ಅದನ್ನು ಜೋಡಿಗೆ ಸೇರಿಸಿ ಕಾಯುವ ಕೆಲಸ ರುದ್ರಮುನಿಯದು. ಅವನು ಕೈಮುಗಿದು ಒಂದೇ ಮಾತು ಹೇಳಿದ್ದ: "ಯಜಮಾನ್ರೇ, ಕೀಳೋದಾದ್ರೆ ಬಲಗಡೇದು ಮಾತ್ರ. ಎಡಗಡೇದು ಮುಟ್ಬೇಡಿ." ಮಲ್ಲಿಕಾರ್ಜುನಪ್ಪ ಅಷ್ಟನ್ನು ಪಾಲಿಸುತ್ತಿದ್ದ.

ಈಗ ಪಾಪಯ್ಯನ ವಿಷಯಕ್ಕೆ ಬರೋಣ.

ಪಾಪಯ್ಯ ಕುಂದುರ್ಪಿ ಕಡೆಯವನು. ಕುರಿ ಸಾಕುತ್ತಾನೆ. ಆದರೆ ಹೆಸರಾಗಿದ್ದು ಕುರಿಯಿಂದಲ್ಲ, ಗಂಟಲಿನಿಂದ. ಮದುವೆಗಳಲ್ಲಿ ಮುಯ್ಯಿ ಕೂಗುವವನು ಅವನು. ಯಾರು ಏನು ಉಡುಗೊರೆ ತಂದರು ಅಂತ ಯಾರೋ ಕಿವಿಯಲ್ಲಿ ಹೇಳುತ್ತಾರೆ. ಇವನು ಮೈಕ್ ಹಿಡಿದು ಕೂಗುತ್ತಾನೆ. ಓದು ಬರಹ ಇಲ್ಲ. ಕನ್ನಡದವರಿಗೆ ಕನ್ನಡದಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ, ಕೊಟ್ಟವರ ಮಾನ ಕಳೆದು ಅವರನ್ನೇ ನಗಿಸುತ್ತಿದ್ದ. "ಗೋರಂಟ್ಲದ ಅತ್ತೆ ಕೊಟ್ಟಿದ್ದು ಗೋಡೆ ಗಡಿಯಾರ! ಅಳಿಯ ಹೊತ್ತಿಗೆ ಸರ್ಯಾಗಿ ಮನೇಗೆ ಬರ್ಲಿ ಅಂತ! ಅತ್ತೆಮ್ಮ, ಮಾವಂಗೂ ಒಂದ್ ಕೊಡ್ಸಿದ್ರೆ ಗಂಟೇನು ಹೋಯ್ತಿತ್ತು?" ಊಟದ ಪಂಕ್ತಿಯವರು ಎಲೆ ಬಿಟ್ಟು ಎದ್ದು ಬರುತ್ತಿದ್ದರು ಇವನ ಮಾತಿಗೆ.

ಆ ಗಂಟಲಿಗೇ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆ ತೆಗೆದುಹಾಕಿದರು. ಕೊರಳ ಬುಡದಲ್ಲಿ ಒಂದು ತೂತು, ಅದರ ಮೇಲೆ ತೆಳು ಬಟ್ಟೆ. ಮಾತಾಡಲು ಬಾಯಿ ತೆರೆದರೆ ತುಟಿ ಆಡುತ್ತದೆ, ಸದ್ದು ಇಲ್ಲ. ಹೆಂಡತಿ ಕೊಂಡಮ್ಮನಿಗೂ ಆ ತುಟಿ ಅರ್ಥವಾಗುವುದು ಅಷ್ಟಕ್ಕಷ್ಟೇ.

ಅವನ ದನಿ ಈ ಭೂಮಿಯ ಮೇಲೆ ಉಳಿದಿದ್ದದ್ದು ಒಂದೇ ಕಡೆ: ಮಲ್ಲಿಕಾರ್ಜುನಪ್ಪನ ಜೋಡಿ ಡಿಸ್ಕಿನಲ್ಲಿ. ಕುಂದುರ್ಪಿಯ ಒಂದು ಮದುವೆಯಲ್ಲಿ ಅವನು ಮುಯ್ಯಿ ಕೂಗಿದ್ದನ್ನು ಕ್ಯಾಮೆರಾದವನು ಪೂರ್ತಿ ಹಿಡಿದಿದ್ದ. ಮದುವೆಯವರಿಗೆ ಕೊಟ್ಟ ಪೆನ್‌ಡ್ರೈವಿನಲ್ಲಿ ಆ ಜಾಗಕ್ಕೆ ಹಾಡು ಹಾಕಿಬಿಟ್ಟಿದ್ದರು. ಮೂಲದ್ದು ಸ್ಟುಡಿಯೋದಲ್ಲಿತ್ತು.

ಹೀಗಾಗಿ ಮಾತ್ರೆಗೋ ಸಂತೆಗೋ ಕಲ್ಯಾಣದುರ್ಗಕ್ಕೆ ಬಂದಾಗಲೆಲ್ಲ ಗಂಡ ಹೆಂಡತಿ ಸ್ಟುಡಿಯೋಗೆ ಬರುತ್ತಿದ್ದರು. ರುದ್ರಮುನಿ ಸ್ಟೂಲು ಹಾಕಿ ಕೂರಿಸಿ ಅದನ್ನು ಹಚ್ಚುತ್ತಿದ್ದ. ಪರದೆಯ ಪಾಪಯ್ಯ ಕೂಗಿದ ಹಾಗೆ ಸ್ಟೂಲಿನ ಪಾಪಯ್ಯನ ತುಟಿ ಆಡುತ್ತಿತ್ತು. ಒಂದಕ್ಷರ ಹಿಂದೆ ಮುಂದೆ ಆಗುತ್ತಿರಲಿಲ್ಲ. ನೋಡಿದವರಿಗೆ ಸ್ಟೂಲಿನ ಮೇಲಿದ್ದವನೇ ಮಾತಾಡುತ್ತಿದ್ದಾನೆ ಅನ್ನಿಸಬೇಕು. ಕೊನೆಯಲ್ಲಿ ಒಂದು ಪೋಲಿ ಮಾತಿತ್ತು. ಅದಕ್ಕೆ ಮುಂಚೆ ಅವನು ಮೈಕಿನಲ್ಲೇ ಹೆಂಡತಿಯನ್ನು ಕರೆದಿದ್ದ: "ಕೊಂಡಮ್ಮಾ, ಕಿವಿ ಮುಚ್ಕೊ!" ಆಮೇಲೆ, "ಮಂಚಂ ಇಚ್ಚಿನಾವು ಸರೇ ಮಾಮಾ, ನಿದ್ರ ಎವರಿಸ್ತಾರು?" ನೀನು ಮಂಚ ಕೊಟ್ಟೆ ಸರಿ ಮಾವ, ನಿದ್ದೆ ಯಾರು ಕೊಡ್ತಾರೆ, ಅಂತ. ಕೊಂಡಮ್ಮ ಸ್ಟುಡಿಯೋದಲ್ಲೂ ಪ್ರತಿ ಸಲ ಕಿವಿ ಮುಚ್ಚಿಕೊಂಡು ಬೆರಳ ಸಂದಿಯಿಂದ ಕೇಳುತ್ತಿದ್ದಳು.

"ಯಜಮಾನ್ರೇ, ಇದ್ನ ಒಂದು ಕಾರ್ಡಿಗೆ ಹಾಕ್ಕೊಡ್ರಪ್ಪಾ. ಮನೇಲಿ ಸ್ಪೀಕರ್ ಡಬ್ಬಿ ಐತೆ" ಅಂತ ಅವಳು ಕೇಳಿದ್ದಳು.

"ಹಾಕ್ಕೊಟ್ರೆ ಆಮೇಲೆ ನೀವು ನಮ್ಮಂಗ್ಡಿ ಕಡೆ ತಲೆ ಹಾಕ್ತೀರೇನಮ್ಮಾ?" ಅಂತ ಮಲ್ಲಿಕಾರ್ಜುನಪ್ಪ ನಕ್ಕಿದ್ದ. ಬೀಗರ ಮುಂದೆ ಆಟ ತೋರಿಸಲು ಪಾಪಯ್ಯನಷ್ಟು ಒಳ್ಳೆಯ ಸಾಮಾನು ಅವನಿಗೆ ಬೇರೆ ಇರಲಿಲ್ಲ. ದನಿ ಓಡುತ್ತಿರುವಾಗ ಡಿಸ್ಕು ಎಳೆದು, "ನೋಡ್ದಾ ಪಾಪಯ್ಯ? ಡಾಕ್ಟ್ರು ಕಿತ್ರೆ ಹೋಯ್ತದೆ, ನಾನು ಕಿತ್ರೆ ಹೋಗಲ್ಲ!" ಅನ್ನುತ್ತಿದ್ದ. ಬೀಗರು ಬಿದ್ದು ಬಿದ್ದು ನಗುತ್ತಿದ್ದರು. ಪಾಪಯ್ಯನೂ ನಗುತ್ತಿದ್ದ. ದನಿ ಅವರ ಕೈಲಿತ್ತು, ನಗದೆ ಏನು ಮಾಡಿಯಾನು?

ಯಜಮಾನ ಇಲ್ಲದ ಒಂದು ಹೊತ್ತು ನೋಡಿ ಕದ್ದು ಹಾಕಿಕೊಡೋಣ ಅಂತ ರುದ್ರಮುನಿಗೆ ಮನಸ್ಸಿನಲ್ಲಿತ್ತು. ಅವಸರವೇನು, ಜೋಡಿ ಡಿಸ್ಕಿನಲ್ಲಿ ಭದ್ರವಾಗಿದೆಯಲ್ಲ ಅಂತ ಬಿಟ್ಟಿದ್ದ.

ಕಿತ್ತು ಕಿತ್ತು ಇಟ್ಟರೆ ಯಾವ ಡಿಸ್ಕು ತಾಳುತ್ತದೆ? ಒಂದು ಬೆಳಗ್ಗೆ ಬಲಗಡೆಯದು ಏಳಲಿಲ್ಲ. ರುದ್ರಮುನಿ ಹೊಸದೊಂದನ್ನು ತಂದು ಆ ಖಾನೆಗೆ ಇಟ್ಟು, ಎಡಗಡೆಯದರಿಂದ ತುಂಬಲು ಬಿಟ್ಟ. ಮಲ್ಲಿಕಾರ್ಜುನಪ್ಪನ ಹತ್ತಿರ ಹೋಗಿ, "ಇವತ್ತು ಆಟ ಬೇಡ ಯಜಮಾನ್ರೇ. ಬಲಗಡೇದು ಹಸುಗೂಸು, ಈಗಿನ್ನೂ ಹಾಲು ಕುಡೀತೈತೆ. ಸಾಯಂಕಾಲದ ತನ್ಕ ಮುಟ್ಟಂಗಿಲ್ಲ" ಅಂದ.

"ಕುಡೀಲಿ ಬಿಡ್ಲಾ, ನಾನೇನ್ ಮೊಲೆ ಬಿಡಿಸ್ತೀನಾ?" ಅಂದ ಅವನು.

ಅದೇ ದಿನ ಪಾಪಯ್ಯ ದಂಪತಿ ಬಂದರು. ದನಿ ಹಚ್ಚಿದ್ದಾಯಿತು. ಅಷ್ಟರಲ್ಲಿ ಗೋರಂಟ್ಲದಿಂದ ಜಯಚಂದ್ರ ಅಂತ ಒಬ್ಬ, ಮಗನ ಮದುವೆಗೆ ಬುಕಿಂಗ್ ಮಾಡಲು, ನಾಲ್ಕು ಜನ ನೆಂಟರನ್ನು ಕಟ್ಟಿಕೊಂಡು ಬಂದ. ಆಟದ ಸುದ್ದಿ ಅವನಿಗೆ ಮೊದಲೇ ಮುಟ್ಟಿತ್ತು.

"ಅದೇನೋ ಡಬ್ಬಿ ಕೀಳ್ತೀರಂತಲ್ಲಾ, ಕೀಳಿ ನೋಡಾಣ."

"ಇವತ್ತು ಇಲ್ಲ ಸ್ವಾಮಿ, ರಿಪೇರಿ" ಅಂದ ಮಲ್ಲಿಕಾರ್ಜುನಪ್ಪ. ಅಷ್ಟರ ಮಟ್ಟಿಗೆ ಅವನು ಮಾತು ಉಳಿಸಿಕೊಂಡ.

ಜಯಚಂದ್ರ ನೆಂಟರ ಕಡೆ ತಿರುಗಿ ಕಣ್ಣು ಹೊಡೆದ. "ನಾನು ಹೇಳ್ಲಿಲ್ವಾ? ಯಾವಾಗ್ಲೂ ಬಲಗಡೇದೇ ಕೀಳ್ತಾರಂತೆ. ಅದು ಖಾಲಿ ಡಬ್ಬಿ ಕಣ್ರಯ್ಯಾ, ಸಂತೇಲಿ ಗಾರುಡಿಗ ತೋರಿಸ್ತಾನಲ್ಲ, ಹಂಗೆ. ಮಾಲೆಲ್ಲ ಎಡಗಡೇಲಿ. ತಾಕತ್ತಿದ್ರೆ ಎಡಗಡೇದು ಕೀಳ್ಲಿ!"

ನೆಂಟರು ಹೋ ಅಂದರು. ಮಲ್ಲಿಕಾರ್ಜುನಪ್ಪನ ವಿಭೂತಿಯ ಕೆಳಗೆ ಮುಖ ಕೆಂಪಾಯಿತು. "ನನ್ನಂಗ್ಡೀಲಿ ನಿಂತ್ಕೊಂಡು ನಂಗೇ ಗಾರುಡಿಗ ಅಂತೀಯಾ?"

"ಯಜಮಾನ್ರೇ, ಬ್ಯಾಡ!" ರುದ್ರಮುನಿ ಕುರ್ಚಿ ಬೀಳಿಸಿಕೊಂಡು ಓಡಿ ಬಂದ.

ಎಡಗಡೆಯದು ಆಗಲೇ ಯಜಮಾನನ ಕೈಗೆ ಬಂದಿತ್ತು.

"ಮಂಚಂ ಇಚ್ಚಿನಾವು ಸರೇ ಮಾಮಾ" ಅನ್ನುವಲ್ಲಿಗೆ ದನಿ ನಿಂತಿತು. ಪರದೆ ಕಲ್ಲಾಯಿತು. ಸ್ಟೂಲಿನ ಮೇಲೆ ಪಾಪಯ್ಯನ ತುಟಿ ಮಾತ್ರ ಉಳಿದರ್ಧವನ್ನು ಆಡಿ ಮುಗಿಸಿತು. ಕೊಂಡಮ್ಮನ ಕೈ ಇನ್ನೂ ಕಿವಿಯ ಮೇಲಿತ್ತು.

ಜಯಚಂದ್ರ ತೊಡೆ ತಟ್ಟಿ ನಕ್ಕ. ಆ ನಗುವಿಗೆ ಯಜಮಾನ ದಿಕ್ಕು ತಪ್ಪಿದ. ರುದ್ರಮುನಿ ಮೇಜಿನ ಕೆಳಗೆ ತೂರಿ ಕರೆಂಟು ತೆಗೆಯುವಷ್ಟರಲ್ಲಿ, ಯಜಮಾನ ಬಲಗಡೆಯದನ್ನೂ ಎಳೆದು, ಎರಡನ್ನೂ ಉಜ್ಜಿ, ಊದಿ, ಖಾನೆಗೆ ತುರುಕಿದ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಎರಡೂ ಒಂದೇ ಕಂಪನಿಯ ಒಂದೇ ಬಣ್ಣದ ಡಬ್ಬಿ. ಮೇಲೆ ಗುರುತು ಹಾಕಿರಲಿಲ್ಲ. ಖಾನೆಯೇ ಗುರುತು ಅಂತ ರುದ್ರಮುನಿ ನಂಬಿದ್ದ.

ಮೇಜಿನ ಕೆಳಗಿದ್ದವನಿಗೆ ಆ ಅದಲುಬದಲು ಕಂಡಿರಲಿಲ್ಲ. ಎದ್ದು ಯಂತ್ರ ಹಚ್ಚಿದ. ಯಂತ್ರ ಎರಡನ್ನೂ ನಂಬಲಿಲ್ಲ. ಯಾವುದು ಪೂರ್ತಿಯದು ಅಂತ ನೀನೇ ಹೇಳು ಅಂದಿತು. ಎಡಗಡೆಯದು ಅಂದ. ಎಡಗಡೆಯದು ತೆರೆದುಕೊಂಡಿತು. ಮದುವೆಗಳ ಹೆಸರೆಲ್ಲ ಸಾಲಾಗಿ ಬಂದವು, ಕುಂದುರ್ಪಿಯದೂ ಇತ್ತು. ಹೊಸ ಡಿಸ್ಕಿಗೆ ತುಂಬುವಾಗ ಹೆಸರುಗಳು ಮೊದಲು ಹೋಗುತ್ತವೆ, ಒಳಗಿನ ಮಾಲು ಆಮೇಲೆ. ಅದು ಅವನಿಗೆ ಹೊಳೆಯಲಿಲ್ಲ. ಒಂದನ್ನು ತೆರೆದು ನೋಡಬೇಕು ಅಂತ ಕೈ ಹೋಯಿತು.

"ಹೆಸ್ರು ಕಾಣ್ತಾವಲ್ಲೋ! ಇನ್ನೇನ್ ನೋಡ್ತೀಯ, ಮಾನ ಹೋಯ್ತಾ ಐತೆ ಇಲ್ಲಿ. ಒತ್ತು!" ಅಂತ ಯಜಮಾನ ಹೆಗಲಿಗೆ ಗುದ್ದಿದ.

ಬಲಗಡೆಯದನ್ನು ಅಳಿಸಿ ಎಡಗಡೆಯದರಿಂದ ತುಂಬು ಅಂತ ಆಜ್ಞೆ ಕೊಟ್ಟು, ಒತ್ತಿದ. ಬರಿದಾಗಿದ್ದ ಹೊಸದು ತುಂಬಿದ್ದ ಹಳೆಯದಕ್ಕೆ ತನ್ನ ಬರಿದನ್ನು ಸುರಿಯಲು ಶುರುಮಾಡಿತು. ಪಾಪಯ್ಯ ದಂಪತಿಗೆ ಇನ್ನೊಂದು ದಿನ ಬನ್ನಿ ಅಂದರು. ಸಾಯಂಕಾಲ ಎರಡೂ ಒಂದೇ ಸಮ ಆದವು. ರುದ್ರಮುನಿ ಕುಂದುರ್ಪಿಯ ಮದುವೆ ತೆರೆದ. ಕಪ್ಪು. ಪಕ್ಕದ್ದು ತೆರೆದ. ಅದೂ ಕಪ್ಪು. ಎಡಗಡೆಯ ಡಿಸ್ಕನ್ನು ಹೊರಗೆ ತೆಗೆದು, ಲೇಬಲ್ಲಿನ ನಂಬರು ಓದಿ, ಅದೇ ಹೊಸದು ಅಂತ ತಿಳಿದು, ಅಲ್ಲೇ ನೆಲದ ಮೇಲೆ ಕೂತ.

ಮಾರನೆಯ ದಿನ ಡಿಸ್ಕು ಹಿಡಿದು ಹಿಂದೂಪುರಕ್ಕೂ ಹೋಗಿ ಬಂದ. ರಿಕವರಿ ಮಾಡುವವನು, "ಅಳಿಸಿದ್ದಾದ್ರೆ ತೆಗೀಬೋದು ಅಣ್ಣಾ. ಇದ್ರ ಮೇಲೆ ಬರ್ದುಬುಟ್ಟವ್ರೆ. ಯಾರ್ ಹಿಂಗ್ ಮಾಡ್ದೋರು, ಕುರಿ ಕಾಯೋನಾ?" ಅಂದ.

ಮಲ್ಲಿಕಾರ್ಜುನಪ್ಪ ಒಂದು ದಿನ ಮಂಕಾಗಿದ್ದು ಆಮೇಲೆ ಸರಿಯಾದ. "ಮದ್ವೆಯೋರೆಲ್ಲ ಪೆನ್‌ಡ್ರೈವ್ ಇಸ್ಕೊಂಡೋಗವ್ರೆ. ಯಾರಿಗ್ಲಾ ನಷ್ಟ?"

"ಪಾಪಯ್ಯಂಗೆ."

"ಅವ್ನು ಬಂದು ಬೈತಾನಾ?" ಅಂತ ಕೇಳಿ, ತನ್ನ ಮಾತಿಗೆ ತಾನೇ ನಕ್ಕ.

ರುದ್ರಮುನಿ ಕುಂದುರ್ಪಿಯ ಮದುವೆಯವರ ಪೆನ್‌ಡ್ರೈವ್ ತರಿಸಿ ನೋಡಿದ. ಪಾಪಯ್ಯ ಮೈಕ್ ಹಿಡಿದು ನಿಂತಿದ್ದಾನೆ, ಬಾಯಿ ಆಡುತ್ತಿದೆ, ಮೇಲೆ ಭರ್ತಿ ಡ್ಯೂಯೆಟ್ಟು. ಆ ಹಾಡನ್ನು ಆರಿಸಿ ಹಾಕಿದವನು ರುದ್ರಮುನಿಯೇ.

ಉಪಾಯ ಹೇಳಿದವನು ಯಜಮಾನ. ಪಾಪಯ್ಯನಿಗೆ ಹರಿಕೃಷ್ಣ ಅಂತ ಒಬ್ಬ ತಮ್ಮನಿದ್ದ, ಕಲ್ಯಾಣದುರ್ಗದಲ್ಲಿ ಆಟೋ ಓಡಿಸುತ್ತಿದ್ದ. ಅಣ್ಣನದೇ ಗಂಟಲು. ಫೋನಿನಲ್ಲಿ ಮಾತಾಡಿದರೆ ತಾಯಿಗೇ ಗೊತ್ತಾಗುತ್ತಿರಲಿಲ್ಲವಂತೆ. ಕರೆಸಿ ಕೂರಿಸಿದರು.

"ಅಣ್ಣನ ಮಾತೆಲ್ಲ ನಂಗೆ ಬಾಯಿಪಾಠ ಕಣ್ರೀ. ಅಣ್ಣಂಗೆ ಖುಷಿ ಆಗ್ತದೆ ಅಂದ್ರೆ ಹೇಳ್ತೀನಿ ಬಿಡಿ" ಅಂದ ಹರಿಕೃಷ್ಣ. ಗಡಿಯಾರದ ಅತ್ತೆಯನ್ನು ಸಲೀಸಾಗಿ ಹೇಳಿದ. ಕೊಂಡಮ್ಮನನ್ನು ಕರೆಯುವಲ್ಲಿ ನಿಂತುಬಿಟ್ಟ. "ಅಯ್ಯೋ, ಅತ್ತಿಗೆ ಹೆಸ್ರಿಡಿದು ಹೆಂಗ್ ಕರೀಲಿ? ನಾಲ್ಗೆ ಬರಲ್ಲ."

"ಹೆಂಡ್ರನ್ನ ಕರ್ದಂಗೆ ಕರಿ" ಅಂದ ಮಲ್ಲಿಕಾರ್ಜುನಪ್ಪ.

ನಾಚಿಕೊಂಡು ನಾಚಿಕೊಂಡು, ಕೊನೆಗೆ ಒಂದು ಸಲ ಬಲು ಮುದ್ದಾಗಿ ಬಂತು: "ಕೊಂಡಮ್ಮಾ, ಕಿವಿ ಮುಚ್ಕೊ!"

ರುದ್ರಮುನಿ ಅದರ ಕೆಳಗೆ ಪಾತ್ರೆಯ ಸದ್ದು, ಜನರ ನಗು, ಮೈಕಿನ ಕುಂಯ್ ಎಲ್ಲ ಸೇರಿಸಿದ. ಅವನು ಮಾಡಿದ ಮಿಕ್ಸಿಂಗಿನಲ್ಲೆಲ್ಲ ಅದೇ ಒಳ್ಳೆಯದು.

ದಂಪತಿ ಬಂದಾಗ ಯಜಮಾನ ದೊಡ್ಡ ಮನಸ್ಸಿನವನ ಹಾಗೆ ಮಾತಾಡಿದ. "ಚಿತ್ರ ಹೋಯ್ತಮ್ಮಾ, ದೇವ್ರ ದಯೆ, ದನಿ ಉಳೀತು. ತಗೋ, ಕಾರ್ಡಿಗೇ ಹಾಕ್ಸಿವ್ನಿ, ಮನೇಲೇ ಕೇಳ್ಕೊ."

ಹಚ್ಚಿದರು. ಪಾಪಯ್ಯನ ತುಟಿ ಎಂದಿನಂತೆ ದನಿಯ ಜೊತೆಗೇ ಹೊರಟಿತು. ಗಡಿಯಾರದ ಹತ್ತಿರ ಒಂದು ಸಲ ಎಡವಿತು. ಹುಬ್ಬು ಗಂಟಾಯಿತು. ಮತ್ತೆ ಹಿಡಿಯಿತು. "ಕೊಂಡಮ್ಮಾ" ಅನ್ನುವಲ್ಲಿ ಪೂರ್ತಿ ನಿಂತಿತು. ಕೊಂಡಮ್ಮ ಕಿವಿ ಮುಚ್ಚಿಕೊಂಡು, ಕಣ್ಣೀರು ಸುರಿಸಿಕೊಂಡು ನಗುತ್ತಿದ್ದಳು. ಪಾಪಯ್ಯ ಹೆಂಡತಿಯ ಮುಖ ನೋಡಿದ, ರುದ್ರಮುನಿಯ ಮುಖ ನೋಡಿದ. ಎದ್ದು ಹೊರಗೆ ಹೋಗಿ ರಸ್ತೆಗೆ ಮುಖ ಮಾಡಿ ನಿಂತ.

"ಖುಷಿಗೆ ತಡ್ಕೊಳ್ಳಕ್ಕಾಗ್ಲಿಲ್ಲ ಪಾಪ" ಅಂದಳು ಕೊಂಡಮ್ಮ. ಮಲ್ಲಿಕಾರ್ಜುನಪ್ಪನ ಕಾಲಿಗೆ ಬಿದ್ದಳು.

ಆಮೇಲೆ ಅವರು ಸ್ಟುಡಿಯೋಗೆ ಬರಲಿಲ್ಲ. ಹರಿಕೃಷ್ಣನಿಗೆ ಮಾತ್ರ ರುಚಿ ಹತ್ತಿತು. ಆಟೋ ಬಿಟ್ಟು ಮದುವೆಗಳಲ್ಲಿ ಮುಯ್ಯಿ ಕೂಗಲು ಹೋಗತೊಡಗಿದ. ರುದ್ರಮುನಿ ಮಿಕ್ಸಿಂಗಿಗೆ ಕೂತರೆ ಪರದೆಯಲ್ಲಿ ಅವನೇ, ಅದೇ ಗಂಟಲು. ಎಷ್ಟು ದಿನ ತಾಳುತ್ತಾನೆ? ಒಂದು ಮಧ್ಯಾಹ್ನ ಕೊಂಡಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡಬೇಕು ಅಂತ ಕುಂದುರ್ಪಿ ಬಸ್ಸು ಹತ್ತಿದ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬೀದಿಯ ತಿರುವಿನಲ್ಲೇ ಸ್ಪೀಕರ್ ಡಬ್ಬಿಯ ಸದ್ದು ಕೇಳುತ್ತಿತ್ತು. ಪಾಪಯ್ಯ ಮನೆಗೆ ಬೆನ್ನು ಹಾಕಿ ಕುರಿ ರೊಪ್ಪದ ಬಾಗಿಲಲ್ಲಿ ಕೂತಿದ್ದ. ರುದ್ರಮುನಿಯನ್ನು ಕಂಡವನೇ ಎದ್ದು, ಕೈಲಿದ್ದ ಕೋಲಿನಿಂದ ಹೊಡೆಯಲು ಶುರುಮಾಡಿದ. ಬೆನ್ನಿಗೆ, ಭುಜಕ್ಕೆ, ಕೈ ಅಡ್ಡ ಹಿಡಿದರೆ ಕೈಗೆ. ಬಾಯಿ ಆಡುತ್ತಿತ್ತು. ಕೊರಳಿನ ಬಟ್ಟೆ ಉಬ್ಬಿ ಇಳಿದು, ಉಬ್ಬಿ ಇಳಿದು, ಬುಸ್ ಬುಸ್ ಅನ್ನುತ್ತಿತ್ತು. ಅಕ್ಕಪಕ್ಕದವರು ಹೊರಗೆ ಬಂದು ನೋಡಿದರು. "ಏನ್ ಪಾಪಯ್ಯಾ, ಯಾಕ್ ಹೊಡೀತಿದೀಯ, ಬಾಯ್ಬುಟ್ಟು ಹೇಳಾದ್ರೂ ಹೇಳು!" ಅಂತ ಒಬ್ಬ ಕೂಗಿದ, ಉಳಿದವರು ನಕ್ಕರು.

ಕೊಂಡಮ್ಮ ಓಡಿ ಬಂದು ಗಂಡನ ಕೋಲು ಕಿತ್ತುಕೊಂಡಳು. "ನಿಂಗೇನ್ ದೆವ್ವ ಮೆಟ್ಕೊಂಡೈತಾ? ದನಿ ಉಳಿಸ್ಕೊಟ್ಟ ಪುಣ್ಯಾತ್ಮನ್ನ ಹೊಡೀತೀಯಲ್ಲಾ! ಬಾ ರುದ್ರಣ್ಣ, ಒಳಿಕ್ ಬಾ. ದನಿ ಹೋದ್ಮೇಲೆ ತಲೇನೂ ನೆಟ್ಟಗಿಲ್ಲ ಇದಕ್ಕೆ. ಡಬ್ಬಿ ಹಾಕುದ್ರೆ ಸಾಕು, ಹೊರೀಕೆ ಎದ್ದೋಯ್ತದೆ."

ಒಳಗೆ ಕರೆದು, ಚಾಪೆ ಹಾಸಿ, ಊದಿದ ಕೈಗೆ ಅರಿಶಿನ ಮೆತ್ತಿದಳು. ಪಾಪಯ್ಯ ಹಿಂದೆಯೇ ಬಂದು ಬಾಗಿಲಲ್ಲಿ ನಿಂತ. ಏದುಸಿರು. ಕಣ್ಣು ರುದ್ರಮುನಿಯ ಬಾಯಿಯ ಮೇಲೆ.

"ಏನ್ ಮಾಡ್ದೆ ಅಂತ ಹೊಡ್ದ ರುದ್ರಣ್ಣ? ನಿಜ ಹೇಳು. ನಿಮ್ಮಿಬ್ರ ಮಧ್ಯ ಏನಾರ ಐತಾ?"

ಹೇಳಲೆಂದೇ ಬಂದವನು ಅವನು. ಮೂಲೆಯ ಡಬ್ಬಿಯೊಳಗೆ ಹರಿಕೃಷ್ಣ ಮಂಚದ ಮಾತು ಹೇಳಿ ಮುಗಿಸಿದ. ರುದ್ರಮುನಿ ಆರಿಸಿ ಸೇರಿಸಿದ್ದ ಜನರ ನಗು ಡಬ್ಬಿಯಿಂದ ಬಂತು. ಹೇಳಿದರೆ ಈ ಹೆಂಗಸು ಬೀದಿಗೆ ಬಂದು ಕೂಗುತ್ತಾಳೆ, ಊರು ಸೇರುತ್ತದೆ ಅಂತ ಅವನಿಗೆ ಕಂಡಿತು.

"ಏನೋ ಗೊತ್ತಿಲ್ಲಕ್ಕ" ಅಂದ.

ಪಾಪಯ್ಯ ಬಾಗಿಲಿನಿಂದ ಸರಿದು ರೊಪ್ಪದ ಕಡೆ ಹೋದ. ಕೊಂಡಮ್ಮ ಮುದ್ದೆ ಕಟ್ಟಿ ರುದ್ರಮುನಿಯ ತಟ್ಟೆಗೆ ಹಾಕಿ, ಅವನಿಗೆ ಚೆನ್ನಾಗಿ ಕೇಳಲಿ ಅಂತ ಡಬ್ಬಿಯನ್ನು ಎತ್ತಿ ತಂದು ತಟ್ಟೆಯ ಪಕ್ಕದಲ್ಲಿಟ್ಟಳು.